ಪೀಣ್ಯದ ಒಂದು ಶೆಡ್ಡಿಂದ: ಕೊಳ್ಳೋರು, ಕೊಡೋರು, ಯಾರ ಕೈ ಮೇಲೆ?

ತಿಂಗಳ ಕೊನೆ ವಾರ ಬಂತು ಅಂದ್ರೆ ನಮ್ಮ ಭಾವ ಫೋನ್ ಹಿಡ್ಕೊಂಡು ಶೆಡ್ಡಿನ ಹೊರಗಡೆ ಓಡಾಡ್ತಿರ್ತಾರೆ, ಒಳಗೆ ಮೆಷಿನ್ ಸದ್ದಿಗೆ ಏನೂ ಕೇಳ್ಸಲ್ಲ. ಪೀಣ್ಯದಲ್ಲಿ ಅವರದ್ದೊಂದು ಸಣ್ಣ ಮೆಷಿನ್ ಶಾಪ್, ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಲೇತು, ಒಂದು ವಿಎಂಸಿ ಅನ್ನೋ ಮಿಲ್ಲಿಂಗ್ ಮೆಷಿನ್ನು, ಒಂದು ಹಳೇ ಡ್ರಿಲ್ಲಿಂಗ್ ಮೆಷಿನ್ನು, ಒಟ್ಟು ಒಂಬತ್ತು ಜನ ಕೆಲಸಕ್ಕೆ. ಫೋನ್ ಮಾಡೋದು ದೊಡ್ಡ ಕಸ್ಟಮರ್‌ನ ಅಕೌಂಟ್ಸ್ ಡಿಪಾರ್ಟ್‌ಮೆಂಟಿಗೆ. "ಸರ್, ಆ ಎರಡು ಬಿಲ್ಲು ಏನಾದ್ರೂ ಆಯ್ತಾ ಸರ್" ಅಂತ ಕೇಳ್ತಾರೆ, ಆ ಕಡೆಯಿಂದ ಒಂದು ದಿನ ಜಿಆರ್‌ಎನ್ (ಮಾಲು ಬಂದಿದೆ ಅಂತ ಅವರು ಹಾಕೋ ರಸೀದಿ) ಆಗಿಲ್ಲ ಅಂತಾರೆ, ಇನ್ನೊಂದು ದಿನ ಅಪ್ರೂವಲ್‌ಗೆ ಹೋಗಿದೆ ಅಂತಾರೆ, ಮತ್ತೊಂದು ದಿನ ಸಾಹೇಬ್ರು ರಜಾ ಅಂತಾರೆ. ಮಾಲು ಹೋಗಿ ಮೂರು ತಿಂಗಳಾಗಿರತ್ತೆ, ಆ ಪಾರ್ಟ್ ಹಾಕಿರೋ ಗಾಡಿ ಯಾವುದೋ ಊರಲ್ಲಿ ಓಡಾಡ್ತಾನೂ ಇರತ್ತೆ.

ನಾನು ಏಳು ವರ್ಷ ಬೇರೊಂದು ಕಂಪನಿಯ ಪರ್ಚೇಸ್‌ನಲ್ಲಿ ಇದ್ದೋನು, ಅಂದ್ರೆ ಈ ಫೋನು ಎತ್ತೋ ಕಡೆ ಕೂತಿದ್ದೋನು. ಆಗ ನಾನೂ ಇದೇ ಮಾತುಗಳನ್ನ ಹೇಳಿದೀನಿ. ಅದಕ್ಕೇ ಎರಡೂ ಕಡೆ ನೋಡಿರೋ ನಾನು ಇದನ್ನ ಸ್ವಲ್ಪ ಬಿಡಿಸಿ ಬರೀಬೇಕು ಅನ್ನಿಸ್ತು. ಸಪ್ಲೈ ಚೈನ್ ಅಂದ್ರೆ ಲಾರಿ, ಗೋಡೌನು, ಸಾಫ್ಟ್‌ವೇರು ಅಂತ ಅಂದ್ಕೊಂಡಿರ್ತೀವಿ, ಆದ್ರೆ ಅದರೊಳಗೆ ನಿಜವಾಗ್ಲೂ ಓಡಾಡೋದು ಇಬ್ಬರ ನಡುವಿನ ಬಲ. ರೇಟ್ ಯಾರು ಹೇಳ್ತಾರೆ, ದುಡ್ಡು ಯಾವಾಗ ಬರತ್ತೆ, ರಿಜೆಕ್ಷನ್ ಆದ್ರೆ ಯಾರ ತಲೆ ಮೇಲೆ, ಸ್ಟಾಕ್ ಯಾರ ಶೆಡ್ಡಲ್ಲಿ ಕೂರಬೇಕು, ಇದೆಲ್ಲಾ ತೀರ್ಮಾನ ಆಗೋದು ಆ ಬಲದ ಮೇಲೆ.

ಸಾಮಾನ್ಯವಾಗಿ ಜನ ಹೇಳೋದು "ದೊಡ್ಡೋರು ಸಣ್ಣೋರನ್ನ ತುಳೀತಾರೆ" ಅಂತ. ಅದು ಪೂರ್ತಿ ಸರಿ ಇಲ್ಲ. ಗಾತ್ರ ಒಂದು ಕಾರಣ ಅಷ್ಟೇ. 1962ರಲ್ಲಿ ರಿಚರ್ಡ್ ಎಮರ್ಸನ್ ಅಂತ ಅಮೆರಿಕದ ಒಬ್ಬ ಸಮಾಜಶಾಸ್ತ್ರಜ್ಞ ಇದನ್ನ ತುಂಬಾ ಸರಳವಾಗಿ ಹೇಳಿದ್ರು: ನಿಮ್ಮ ಮೇಲೆ ನನಗೆ ಎಷ್ಟು ಬಲ ಇದೆ ಅಂದ್ರೆ, ನೀವು ನನ್ನನ್ನ ಎಷ್ಟು ನೆಚ್ಕೊಂಡಿದೀರೋ ಅಷ್ಟು. ನಾನು ಕೊಡೋದು ನಿಮಗೆ ಎಷ್ಟು ಮುಖ್ಯ, ಮತ್ತೆ ಅದು ಬೇರೆ ಕಡೆ ಸಿಗತ್ತಾ ಇಲ್ವಾ, ಈ ಎರಡು ನೋಡಿದ್ರೆ ಸಾಕು. ಇದಕ್ಕೆ ನಾನು ನಮ್ಮ ಶಾಪಿನ ಅನುಭವದಿಂದ ಇನ್ನೊಂದು ಸೇರಿಸ್ತೀನಿ: ಎಷ್ಟು ದಿನ ಕಾಯೋಕಾಗತ್ತೆ. ಇಬ್ರಿಗೂ ಬೇರೆ ದಾರಿ ಇದ್ರೂ ಆ ದಾರಿ ತಲುಪೋವರೆಗೂ ಉಸಿರು ಹಿಡಿಯೋ ಶಕ್ತಿ ಇಬ್ರಿಗೂ ಒಂದೇ ಸಮ ಇರಲ್ಲ.

ಭಾವನ ಲೆಕ್ಕಾನೇ ತಗೊಳ್ಳಿ. ಅವರ ವ್ಯಾಪಾರದಲ್ಲಿ ಸುಮಾರು 70% ಒಂದೇ ಕಸ್ಟಮರ್‌ದು. ಆ ಕಸ್ಟಮರ್ ಒಟ್ಟು ಖರೀದಿಯಲ್ಲಿ ಭಾವಂದು ಎಷ್ಟಿರಬಹುದು, ಒಂದು ಪರ್ಸೆಂಟಿನ ಯಾವುದೋ ಒಂದು ಚೂರು. ಆ ಕಡೆಯೋರು ನಾಳೆ ಶೆಡ್ಯೂಲ್ ನಿಲ್ಲಿಸಿದ್ರೆ ಇಲ್ಲಿ ಒಂಬತ್ತು ಮನೆ ಅಲ್ಲಾಡತ್ತೆ. ಇವರು ಸಪ್ಲೈ ನಿಲ್ಲಿಸಿದ್ರೆ ಅಲ್ಲಿ ಎರಡು ವಾರ ತಲೆನೋವು, ಆಮೇಲೆ ಅದೇ ರಸ್ತೆಯ ಇನ್ನೊಂದು ಶೆಡ್ಡಿಗೆ ಡ್ರಾಯಿಂಗ್ ಹೋಗತ್ತೆ. ಟರ್ನಿಂಗ್, ಡ್ರಿಲ್ಲಿಂಗ್, ಟ್ಯಾಪಿಂಗ್ ಮಾಡೋರು ಪೀಣ್ಯದಲ್ಲಿ ಒಬ್ರಾ ಇಬ್ರಾ.

ಆದ್ರೆ ಇದರೊಳಗೆ ಒಂದು ಸೂಕ್ಷ್ಮ ಇದೆ. ಆ ಎರಡು ವಾರ ಅನ್ನೋದು ಎಲ್ಲಾ ಪಾರ್ಟ್‌ಗೂ ಎರಡು ವಾರ ಅಲ್ಲ. ಗಾಡಿ ಪಾರ್ಟ್‌ಗಳ ಲೈನಲ್ಲಿ ಹೊಸ ವೆಂಡರ್ (ಮಾಲು ಕೊಡೋನು) ಹತ್ರ ಹೋಗ್ಬೇಕಂದ್ರೆ ಸ್ಯಾಂಪಲ್ ಕೊಡ್ಬೇಕು, ಅಳತೆ ರಿಪೋರ್ಟು, ಪಿಪಿಎಪಿ ಅನ್ನೋ ಪಾರ್ಟ್ ಅಪ್ರೂವಲ್ ಪೇಪರ್ರು, ಟ್ರಯಲ್ ಲಾಟು, ಕ್ವಾಲಿಟಿಯೋರು ಬಂದು ಆಡಿಟ್ ಮಾಡ್ಬೇಕು, ತಿಂಗಳುಗಟ್ಲೆ ಹಿಡಿಯತ್ತೆ. ಹಾಗಾಗಿ ಅಪ್ರೂವಲ್ ಮುಂಚೆ ಪೂರ್ತಿ ಬಲ ಕೊಳ್ಳೋರ ಹತ್ರ, ಐದಾರು ಜನ ಕೋಟ್ ಹಾಕಿರ್ತಾರೆ, ಎಲ್1, ಅಂದ್ರೆ ಎಲ್ಲರಿಗಿಂತ ಕಮ್ಮಿ ರೇಟ್ ಹಾಕಿದೋರು ಯಾರೋ ಅವರಿಗೆ. ಅಪ್ರೂವಲ್ ಆದ್ಮೇಲೆ ಸ್ವಲ್ಪ ಬಲ ಈ ಕಡೆಗೂ ಸರಿಯತ್ತೆ, ಯಾಕಂದ್ರೆ ಬದಲಾಯ್ಸೋದು ಅವರಿಗೂ ಖರ್ಚು. ಪರ್ಚೇಸ್‌ನಲ್ಲಿದ್ದಾಗ ನಮಗೆ ಇದು ಚೆನ್ನಾಗಿ ಗೊತ್ತಿತ್ತು. ವೆಂಡರ್‌ಗಳಲ್ಲಿ ಬಹಳಷ್ಟು ಜನಕ್ಕೆ ಗೊತ್ತಿರಲಿಲ್ಲ, ಅದೇ ನಮಗೆ ಅನುಕೂಲ ಆಗಿತ್ತು. ಇದನ್ನ ಬರೆಯೋವಾಗ ನನಗೆ ಬೇಜಾರಾಗತ್ತೆ, ಆದ್ರೆ ನಿಜ.

ಇದೇ ಕಥೆ ಉಲ್ಟಾ ನಡೆಯೋದು ಮೆಷಿನ್ ವಿಷಯದಲ್ಲಿ. ಕಸ್ಟಮರ್ ಒಂದು ದಿನ ಕರ್ದು "ವಾಲ್ಯೂಮ್ ಡಬಲ್ ಆಗತ್ತೆ, ನೀವು ಇನ್ನೊಂದು ವಿಎಂಸಿ ಹಾಕ್ಕೊಳ್ಳಿ" ಅಂತಾರೆ. ಬಾಯಲ್ಲಿ ಹೇಳ್ತಾರೆ, ಪಿಓನಲ್ಲಿ (ಪರ್ಚೇಸ್ ಆರ್ಡರ್‌ನಲ್ಲಿ) ಕ್ವಾಂಟಿಟಿ ಇರಲ್ಲ, ಅದು ಓಪನ್ ಪಿಓ, ರೇಟ್ ಮಾತ್ರ ಇರತ್ತೆ, ಶೆಡ್ಯೂಲ್ ತಿಂಗಳು ತಿಂಗಳು ಬರತ್ತೆ. ಬ್ಯಾಂಕ್ ಲೋನ್ ಮಾತ್ರ ಐದು ವರ್ಷಕ್ಕೆ, ಮನೆ ಪತ್ರ ಇಟ್ಟು. ಸಹಿ ಹಾಕಿದ ಕ್ಷಣದಿಂದ ಇಬ್ಬರ ಸ್ಥಾನ ಬದಲಾಗಿ ಹೋಗತ್ತೆ. ನಿನ್ನೆವರೆಗೂ ನೀವು ಒಂದು ರೇಟಿಗೆ ಆಗಲ್ಲ ಅನ್ನಬಹುದಿತ್ತು, ಇವತ್ತು ಇಎಂಐ ಇದೆ, ಮೆಷಿನ್ ಖಾಲಿ ನಿಂತ್ರೂ ಕಟ್ಟಬೇಕು, ಆ ಪಾರ್ಟ್‌ಗೆ ಅಂತ ಮಾಡಿಸಿದ ಫಿಕ್ಸ್ಚರ್ (ಪಾರ್ಟನ್ನ ಮೆಷಿನ್ ಮೇಲೆ ಹಿಡಿದಿಡೋ ಸಾಧನ) ಬೇರೆ ಯಾರ ಕೆಲಸಕ್ಕೂ ಬರಲ್ಲ. ಒಬ್ಬರಿಗೋಸ್ಕರ ಮಾತ್ರ ಹಾಕಿದ ಬಂಡವಾಳ ಆಮೇಲೆ ಅವರ ಕೈಯಲ್ಲಿ ಜುಟ್ಟು ಕೊಟ್ಟಹಾಗೆ. ಅರ್ಥಶಾಸ್ತ್ರಜ್ಞರು ಇದರ ಮೇಲೆ ರಾಶಿಗಟ್ಲೆ ಬರ್ದಿದಾರೆ, ಆಲಿವರ್ ವಿಲಿಯಮ್ಸನ್ ಅವರಿಗೆ 2009ರಲ್ಲಿ ನೊಬೆಲ್ ಬಂದಿದ್ರ ಹಿಂದೆ ಈ ಥರದ ಪ್ರಶ್ನೆಗಳ ಮೇಲಿನ ಕೆಲಸಾನೂ ಇದೆ. ಯಾವ ಕೆಲಸಾನ ಕಂಪನಿ ಒಳಗೇ ಮಾಡ್ಕೋಬೇಕು, ಯಾವುದನ್ನ ಹೊರಗಡೆ ಕೊಡ್ಬೇಕು ಅನ್ನೋದಕ್ಕೆ ಈ ಸಿಕ್ಕಾಕೊಳ್ಳೋ ಭಯಾನೇ ಒಂದು ದೊಡ್ಡ ಕಾರಣ ಅಂತ ಅವರು ತೋರಿಸಿದ್ರು.

ದಿನದ ಲೆಕ್ಕ

ಈಗ ಕಾಯೋ ಶಕ್ತಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಸಣ್ಣ ಶಾಪ್‌ಗಳು ಸೋಲೋದು ಹೆಚ್ಚಾಗಿ ಇಲ್ಲೇ.

ಒಂದು ಉದಾಹರಣೆ ಹಾಕೋಣ. ತಿಂಗಳಿಗೆ 10 ಲಕ್ಷದ ಬಿಲ್ಲು, 18% ಜಿಎಸ್‌ಟಿ ಇರೋ ಐಟಂ. ಕಚ್ಚಾ ಮಾಲಿಗೆ 5 ಲಕ್ಷ. ಕರೆಂಟು, ಸಂಬಳ, ಬಾಡಿಗೆ, ಇನ್ಸರ್ಟು, ಕೂಲೆಂಟು, ಇಎಂಐ ಎಲ್ಲಾ ಕಳೆದು ಕೈಯಲ್ಲಿ ಉಳಿಯೋದು 6% ಅಂದ್ಕೊಳ್ಳಿ, 60,000. ಪೇಮೆಂಟು 45 ದಿನಕ್ಕೆ ಬರ್ಬೇಕಾದ್ದು 120 ದಿನಕ್ಕೆ ಬಂತು. ಹೆಚ್ಚಾದ 75 ದಿನಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಅಕೌಂಟಿಂದ 12% ಬಡ್ಡಿಗೆ ತಂದ್ರೆ ಆ 10 ಲಕ್ಷದ ಮೇಲೆ ಬಡ್ಡಿ ಸುಮಾರು 24,600 ರೂಪಾಯಿ. ಲಾಭದಲ್ಲಿ ನಲವತ್ತು ಪರ್ಸೆಂಟು ಹೋಯ್ತು, ರೇಟು ಒಂದು ಪೈಸಾನೂ ಕಮ್ಮಿ ಆಗದೆ. ಇದು ಸಾಲದು ಅಂತ ಜಿಎಸ್‌ಟಿ ಬೇರೆ: ಬಿಲ್ ಮೇಲಿನ 1,80,000ದಲ್ಲಿ ಮಾಲಿಗೆ ಕಟ್ಟಿರೋ 90,000 ಕಳೆದು ಉಳಿದ 90,000ನ ಮುಂದಿನ ತಿಂಗಳು 20ನೇ ತಾರೀಖಿಗೆ ಸರ್ಕಾರಕ್ಕೆ ಕಟ್ಟಬೇಕು, ಕಸ್ಟಮರ್ ದುಡ್ಡು ಕೊಟ್ಟಿದಾನೋ ಇಲ್ವೋ ಅಂತ ಅಲ್ಲಿ ಯಾರೂ ಕೇಳಲ್ಲ. ಸ್ಟೀಲ್ ಅಂಗಡಿಯೋನು ಸಣ್ಣ ಶಾಪಿಗೆ ಸಾಲ ಕೊಡೋದು ಬಹಳ ಅಂದ್ರೆ 30 ದಿನ. ಅಂದ್ರೆ ಯಾವಾಗ ನೋಡಿದ್ರೂ ನಾಲ್ಕು ತಿಂಗಳ ಬಿಲ್ಲು, 40 ಲಕ್ಷ, ಆ ದೊಡ್ಡ ಕಂಪನಿ ಹತ್ರ ಬಡ್ಡಿ ಇಲ್ಲದೆ ಕೂತಿರತ್ತೆ. ಬ್ಯಾಂಕು 40 ಲಕ್ಷ ಕೊಡ್ಬೇಕಾದ್ರೆ ಎಷ್ಟು ಪೇಪರ್ ಕೇಳತ್ತೆ ನೋಡಿ, ಒಂಬತ್ತು ಜನದ ಶಾಪು ಯಾವ ಪೇಪರ್ರೂ ಇಲ್ಲದೆ ಸಾವಿರಾರು ಕೋಟಿ ಕಂಪನಿಗೆ ಸಾಲ ಕೊಟ್ಟಿರತ್ತೆ.

ಪೇಮೆಂಟ್ ತಡ ಆಗೋದು ಯಾರದ್ದೋ ಸೋಮಾರಿತನ ಅಂತ ನಾನೂ ಮೊದಲು ಅಂದ್ಕೊಂಡಿದ್ದೆ. ಎಷ್ಟೋ ಕಡೆ ಅದು ಪ್ಲ್ಯಾನ್. ಫೈನಾನ್ಸ್ ಹೆಡ್‌ಗೆ ವರ್ಕಿಂಗ್ ಕ್ಯಾಪಿಟಲ್ ಟಾರ್ಗೆಟ್ ಇರತ್ತೆ, ವೆಂಡರ್ ಬಾಕಿ ದಿನ ಜಾಸ್ತಿ ಆದಷ್ಟೂ ಅವರ ನಂಬರ್ ಚೆನ್ನಾಗಿ ಕಾಣತ್ತೆ. ಜಿಆರ್‌ಎನ್ ಯಾವಾಗ ಹಾಕ್ತೀವೋ ಆವತ್ತಿಂದ ದಿನ ಎಣಿಸ್ತೀವಿ ಅನ್ನೋ ಒಂದು ಸಾಲು ಸಾಕು, ಮಾಲು ಗೇಟ್ ಒಳಗೆ ಬಂದು ಹತ್ತು ದಿನ ಆದ್ಮೇಲೆ ಜಿಆರ್‌ಎನ್ ಹಾಕಿದ್ರೆ ಹತ್ತು ದಿನ ಫ್ರೀ.

ಇನ್ನೊಂದು ಬಲ ಮಾಹಿತಿದು. ಈಗೆಲ್ಲಾ ಕೋಟ್ ಜೊತೆ ಕಾಸ್ಟ್ ಬ್ರೇಕಪ್ ಶೀಟ್ ಕೇಳ್ತಾರೆ: ಮಾಲು ಎಷ್ಟು ಗ್ರಾಂ, ಸೈಕಲ್ ಟೈಮ್ (ಒಂದು ಪೀಸ್ ಮಾಡೋ ಸಮಯ) ಎಷ್ಟು ಸೆಕೆಂಡ್, ಮೆಷಿನ್ ಅವರ್ ರೇಟ್ (ಗಂಟೆಯ ಖರ್ಚು) ಎಷ್ಟು, ಸ್ಕ್ರ್ಯಾಪ್‌ನಿಂದ ಎಷ್ಟು ಬರತ್ತೆ, ಲಾಭ ಎಷ್ಟು ಇಟ್ಕೊಂಡಿದೀರಿ. ಹತ್ತು ವೆಂಡರ್‌ಗಳ ಶೀಟು ಪಕ್ಕಪಕ್ಕ ಇಟ್ಕೊಂಡ್ರೆ ಯಾರ ಹತ್ರ ಏನು ಕಮ್ಮಿ ಅಂತ ಕೊಳ್ಳೋನಿಗೆ ಪೂರ್ತಿ ಕಾಣತ್ತೆ, ಒಬ್ಬರ ಸೈಕಲ್ ಟೈಮು, ಇನ್ನೊಬ್ಬರ ಅವರ್ ರೇಟು, ಮತ್ತೊಬ್ಬರ ಓವರ್‌ಹೆಡ್ಡು ಸೇರಿಸಿ ಯಾರಿಗೂ ಸಾಧ್ಯ ಇಲ್ಲದ ಒಂದು ಟಾರ್ಗೆಟ್ ಪ್ರೈಸ್ ಮಾಡ್ತಾರೆ. ನಾವೂ ಮಾಡಿದೀವಿ. ಕೊಡೋನಿಗೆ ಮಾತ್ರ ಕೊಳ್ಳೋನ ಕಡೆದು ಏನೂ ಗೊತ್ತಿರಲ್ಲ, ಪಕ್ಕದ ಶೆಡ್ಡಿನೋನು ಎಷ್ಟು ಕೋಟ್ ಮಾಡಿದ ಅಂತಾನೂ ಗೊತ್ತಿರಲ್ಲ. ಇದಾದ್ಮೇಲೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ "ಕಾಸ್ಟ್ ಡೌನ್" ಅಂತ ಮೇಲ್ ಬರತ್ತೆ, ಎರಡೋ ಮೂರೋ ಪರ್ಸೆಂಟು ಕಮ್ಮಿ ಮಾಡಿ ಅಂತ, ಕರೆಂಟ್ ಬಿಲ್ಲು ಜಾಸ್ತಿ ಆಗಿದ್ದು ಆ ಮೇಲಲ್ಲಿ ಇರಲ್ಲ.

ಕೊಳ್ಳೋರು ಎಲ್ಲರ ಹತ್ರನೂ ಹೀಗೆ ಇರ್ತಾರಾ ಅಂದ್ರೆ ಇಲ್ಲ, ಅದನ್ನೂ ಹೇಳ್ಬೇಕು. 1983ರಲ್ಲಿ ಪೀಟರ್ ಕ್ರಾಲ್ಜಿಕ್ ಅನ್ನೋರು ಒಂದು ಲೇಖನದಲ್ಲಿ ಖರೀದಿ ಐಟಂಗಳನ್ನ ನಾಲ್ಕು ಮನೆ ಮಾಡಿ ಹಂಚಿದ್ರು, ಪರ್ಚೇಸ್ ಟ್ರೇನಿಂಗ್‌ನಲ್ಲಿ ಇವತ್ತಿಗೂ ಮೊದಲು ಕಲಿಸೋದು ಅದನ್ನೇ. ಆ ಐಟಂ ಕಂಪನಿ ಲಾಭಕ್ಕೆ ಎಷ್ಟು ಮುಖ್ಯ ಅನ್ನೋದು ಒಂದು ಗೆರೆ, ಅದು ಸಿಗೋದು ಎಷ್ಟು ಕಷ್ಟ ಅನ್ನೋದು ಇನ್ನೊಂದು. ದುಡ್ಡು ಜಾಸ್ತಿ, ಕೊಡೋರೂ ಜಾಸ್ತಿ ಇದ್ರೆ ಹಿಂಡಿ. ದುಡ್ಡು ಕಮ್ಮಿ ಆದ್ರೂ ಒಬ್ಬನೇ ಕೊಡೋನಿದ್ರೆ ಅವನನ್ನ ಚೆನ್ನಾಗಿ ನೋಡ್ಕೊಳ್ಳಿ, ಸ್ಟಾಕ್ ಇಟ್ಕೊಳ್ಳಿ. ಅಂದ್ರೆ ನೀವು ಯಾವ ಮನೇಲಿ ಕೂತಿದೀರಿ ಅಂತ ನಿಮ್ಮ ಕಸ್ಟಮರ್‌ಗೆ ಗೊತ್ತು. ಭಾವನಿಗೆ ನಾನು ಇದನ್ನ ಒಂದು ಡಿಸಿ (ಮಾಲಿನ ಜೊತೆ ಹೋಗೋ ಡೆಲಿವರಿ ಚಲನ್) ಹಿಂದೆ ಬರ್ದು ತೋರಿಸಿದಾಗ ಅವರು ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಹಂಗಾದ್ರೆ ನಾನು ಮನೆ ಬದಲಾಯಿಸ್ಬೇಕು ಕಣೋ" ಅಂದ್ರು.

ಒಂದು ವಾಲ್ವು, ಒಂದು ಬೆಂಕಿ

ಸಣ್ಣ ಐಟಂ ಅಂದ್ರೆ ಬಲ ಇಲ್ಲ ಅಂತೇನಿಲ್ಲ ಅನ್ನೋದಕ್ಕೆ ಜಪಾನಿನ ಒಂದು ಘಟನೆ ಹೇಳ್ತೀನಿ. 1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ, ಕಾರಿಯಾ ಅನ್ನೋ ಊರಲ್ಲಿ ಐಸಿನ್ ಸೇಕಿ ಕಂಪನಿಯ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಅಲ್ಲಿ ಮಾಡ್ತಿದ್ದಿದ್ದು ಬ್ರೇಕಿಗೆ ಹಾಕೋ ಪಿ-ವಾಲ್ವ್, ಸಿಗರೇಟ್ ಪ್ಯಾಕಿನಷ್ಟು ಗಾತ್ರ, ಕಾರಿನ ಬೆಲೆ ಮುಂದೆ ಅದರ ಬೆಲೆ ಏನೇನೂ ಅಲ್ಲ. ಆದ್ರೆ ಟೊಯೋಟಾ ಗಾಡಿಗಳಿಗೆ ಬೇಕಾದ ಹೆಚ್ಚುಕಮ್ಮಿ ಅಷ್ಟೂ ವಾಲ್ವ್ ಆ ಒಂದೇ ಜಾಗದಿಂದ ಬರ್ತಿತ್ತು, ಟೊಯೋಟಾ ಸ್ಟಾಕ್ ಇಟ್ಕೊಳ್ತಿದ್ದಿದ್ದು ಕೆಲವೇ ಗಂಟೆಗಳದ್ದು. ನಾಲ್ಕೈದು ದಿನದೊಳಗೆ ಜಪಾನಿನ ಟೊಯೋಟಾ ಲೈನ್‌ಗಳು ಹೆಚ್ಚುಕಮ್ಮಿ ಎಲ್ಲಾ ನಿಂತವು.

ಆಮೇಲೆ ಆಗಿದ್ದನ್ನ ನಾನು ಮತ್ತೆ ಮತ್ತೆ ಯೋಚನೆ ಮಾಡ್ತೀನಿ. ಐಸಿನ್ ಡ್ರಾಯಿಂಗ್‌ಗಳನ್ನ ಎಲ್ಲರಿಗೂ ಹಂಚಿತು, ಬೇರೆ ಸಪ್ಲೈಯರ್‌ಗಳು, ಅವರ ಕೆಳಗಿನ ಸಣ್ಣ ಶಾಪ್‌ಗಳು, ಹೊಲಿಗೆ ಮೆಷಿನ್ ಮಾಡೋ ಬ್ರದರ್ ಕಂಪನಿ ಕೂಡ, ತಮ್ಮ ಸಾಮಾನ್ಯ ಮೆಷಿನ್‌ಗಳ ಮೇಲೆ ಆ ವಾಲ್ವ್ ಮಾಡೋಕೆ ಕೂತ್ರು. ರೇಟ್ ಎಷ್ಟು ಅಂತ ಮೊದಲು ಯಾರೂ ಕೇಳ್ಲಿಲ್ಲ. ವಾರದೊಳಗೆ ಲೈನ್‌ಗಳು ಮತ್ತೆ ಓಡೋಕೆ ಶುರು ಮಾಡಿದ್ವು. ಐಸಿನ್ ಎಲ್ಲರ ಖರ್ಚು ಕೊಟ್ಟಿತು, ಟೊಯೋಟಾ ತನ್ನ ಮೊದಲ ಸಾಲಿನ ಸಪ್ಲೈಯರ್‌ಗಳಿಗೆ ಆ ಮೂರು ತಿಂಗಳ ವ್ಯಾಪಾರದ 1% ಹೆಚ್ಚುವರಿಯಾಗಿ ಕೊಟ್ಟಿತು. ಟೊಯೋಟಾ ರೇಟ್ ವಿಷಯದಲ್ಲಿ ಮೃದು ಅಂತ ಯಾರೂ ಹೇಳಲ್ಲ, ತುಂಬಾ ಬಿಗಿ. ಆದ್ರೆ ದುಡ್ಡು ಸರಿಯಾಗಿ ಬರತ್ತೆ, ಒಂದು ತಪ್ಪಿಗೆ ಕೈ ಬಿಡಲ್ಲ, ಮುಂದಿನ ಮಾಡೆಲ್‌ನಲ್ಲೂ ನಾವಿರ್ತೀವಿ ಅನ್ನೋ ನಂಬಿಕೆ ವರ್ಷಗಟ್ಲೆ ಕಟ್ಟಿದ್ರಿಂದ ಆವತ್ತು ಅಷ್ಟು ಜನ ಎದ್ದು ನಿಂತ್ರು. ನಾಲ್ಕು ತಿಂಗಳು ಬಿಲ್ಲು ಬಾಕಿ ಇಟ್ಕೊಂಡಿರೋ ಕಂಪನಿಯ ಫ್ಯಾಕ್ಟರಿಗೆ ಬೆಂಕಿ ಬಿದ್ರೆ ಭಾನುವಾರ ಯಾರು ಮೆಷಿನ್ ಆನ್ ಮಾಡ್ತಾರೆ ಅಂತ ಕೇಳ್ಕೊಳ್ಳಿ.

ಕೊಡೋರ ಕೈ ಪೂರ್ತಿ ಮೇಲಿರೋ ಉದಾಹರಣೆನೂ ಇತ್ತೀಚೆಗೆ ನೋಡಿದ್ವಿ. 2025ರ ಏಪ್ರಿಲ್ 4ರಂದು ಚೀನಾ ಕೆಲವು ರೇರ್ ಅರ್ಥ್ ಲೋಹಗಳು, ಅವುಗಳಿಂದ ಮಾಡೋ ಮ್ಯಾಗ್ನೆಟ್‌ಗಳ ರಫ್ತಿಗೆ ಲೈಸೆನ್ಸ್ ಬೇಕು ಅಂದಿದ್ದೇ ತಡ, ನಮ್ಮ ದೇಶದ ಎಲೆಕ್ಟ್ರಿಕ್ ಗಾಡಿ ಮಾಡೋರೆಲ್ಲಾ ಪರದಾಡಿದ್ರು. ಮೋಟರ್ ಒಳಗಿನ ಮ್ಯಾಗ್ನೆಟ್ಟು ಸ್ವಲ್ಪ ಅಷ್ಟೇ, ಬೇರೆ ಕಡೆ ಸುಲಭಕ್ಕೆ ಸಿಗಲ್ಲ, ಅಷ್ಟಕ್ಕೇ ಗಾಡಿ ನಿಲ್ಲತ್ತೆ.

ಕೋಕೋ ಬೆಳೆದೋರ ಕಥೆ

ಒಬ್ಬೊಬ್ಬರೇ ನಿಂತ್ರೆ ಬಲ ಇಲ್ಲ ಅಂದ್ರೆ ಒಟ್ಟಿಗೆ ನಿಲ್ಲಬಹುದಲ್ವಾ, ಇದಕ್ಕೆ ನಮ್ಮ ದಕ್ಷಿಣ ಕನ್ನಡಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. 1970ರ ದಶಕದ ಶುರುನಲ್ಲಿ ಅಡಿಕೆ ರೇಟ್ ಬಿದ್ದುಹೋಗಿತ್ತು, ಬೆಳೆಗಾರರು ವ್ಯಾಪಾರಿಗಳು ಹೇಳಿದ ರೇಟಿಗೆ ಕೊಡೋ ಪರಿಸ್ಥಿತಿ. 1973ರಲ್ಲಿ ಕರ್ನಾಟಕ ಮತ್ತೆ ಕೇರಳದ ಬೆಳೆಗಾರರು ಸೇರಿ ಮಂಗಳೂರಲ್ಲಿ ಕ್ಯಾಂಪ್ಕೋ ಅನ್ನೋ ಸಹಕಾರ ಸಂಘ ಕಟ್ಟಿದ್ರು, ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. ಅಡಿಕೆ ಒಣಗಿಸಿ ಅಟ್ಟದ ಮೇಲೆ ಇಡಬಹುದು, ರೇಟ್ ಬರೋವರೆಗೂ ಕಾಯಬಹುದು, ಸಂಘ ಕೊಳ್ಳೋಕೆ ನಿಂತ ಮೇಲೆ ವ್ಯಾಪಾರಿಗಳೂ ಆ ರೇಟಿಗಿಂತ ತೀರಾ ಕೆಳಗೆ ಕೇಳೋಕಾಗಲ್ಲ.

ಕೋಕೋ ಹಾಗಲ್ಲ. ಅಡಿಕೆ ತೋಟದ ಮಧ್ಯೆ ಕೋಕೋ ಹಾಕಿ, ಚಾಕೊಲೇಟಿಗೆ ಬೇಕು, ನಾವು ತಗೋತೀವಿ ಅಂತ ಕಂಪನಿ ಕಡೆಯಿಂದ ಪ್ರೋತ್ಸಾಹ ಇತ್ತು, ಜನ ಹಾಕಿದ್ರು. ಗಿಡ ನೆಟ್ಟು ಫಲ ಬರೋಕೆ ಮೂರು ನಾಲ್ಕು ವರ್ಷ ಬೇಕು, ಅಷ್ಟು ದಿನ ನೀರು ಗೊಬ್ಬರ ಎಲ್ಲಾ ನಿಮ್ಮದು. ಕಾಯಿ ಒಡೆದ್ಮೇಲೆ ಹಸಿ ಬೀಜ ತಕ್ಷಣ ಹುದುಗಿಗೆ ಹೋಗ್ಬೇಕು, ಅಟ್ಟದ ಮೇಲೆ ಇಡೋಕಾಗಲ್ಲ. ಊರ ಸಂತೆಯಲ್ಲಿ ಮಾರೋಣ ಅಂದ್ರೆ ಕೋಕೋ ಬೀಜ ತಗೊಂಡು ಯಾರು ಏನು ಮಾಡ್ತಾರೆ. ಎಮರ್ಸನ್ ಹೇಳಿದ್ದು, ವಿಲಿಯಮ್ಸನ್ ಹೇಳಿದ್ದು, ನಾನು ಹೇಳಿದ ಕಾಯೋ ಶಕ್ತಿ, ಮೂರೂ ಒಂದೇ ಗಿಡದ ಮೇಲೆ ಬಂದು ಕೂತಿದ್ವು. 1980ರ ಹೊತ್ತಿಗೆ ಮಾರುಕಟ್ಟೆ ಕುಸಿದು ಖರೀದಿ ನಿಲ್ತಾ ಬಂದಾಗ ರೈತರಿಗೆ ಗಿಡ ಕಡಿಯೋದು ಬಿಟ್ಟು ದಾರಿ ಇರ್ಲಿಲ್ಲ, ಕಡಿದೋರೂ ಇದಾರೆ. ಆಗ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳೀತು. ಬರೀ ಖರೀದಿ ಮಾಡಿದ್ರೆ ಅವರೂ ಅದೇ ಕಂಪನಿಗಳ ಬಾಗಿಲಲ್ಲೇ ನಿಲ್ಬೇಕಾಗ್ತಿತ್ತು, ಅದಕ್ಕೆ 1986ರಲ್ಲಿ ಪುತ್ತೂರಲ್ಲಿ ತಮ್ಮದೇ ಚಾಕೊಲೇಟ್ ಫ್ಯಾಕ್ಟರಿ ಹಾಕಿದ್ರು. ಬೆಳೆಗಾರರ ಸಂಘ ಆ ಕಾಲಕ್ಕೆ ಚಾಕೊಲೇಟ್ ಫ್ಯಾಕ್ಟರಿ ಹಾಕೋದು ಅಂದ್ರೆ ಎಂಥಾ ಧೈರ್ಯ ಬೇಕು! ಪುತ್ತೂರಿನ ಕಡೆ ಹೋದಾಗೆಲ್ಲಾ ಆ ಫ್ಯಾಕ್ಟರಿ ನೋಡಿ ನನಗೆ ಹೆಮ್ಮೆ ಆಗತ್ತೆ. ಕೊಳ್ಳೋನು ಒಬ್ಬನೇ ಇದ್ದ ಜಾಗದಲ್ಲಿ ಇನ್ನೊಬ್ಬ ಕೊಳ್ಳೋನನ್ನ ಅವರೇ ಹುಟ್ಟಿಸಿದ್ರು.

ಪೀಣ್ಯದಲ್ಲಿ ಇದು ಯಾಕಾಗಲ್ಲ ಅಂದ್ರೆ, ಕೋಕೋ ಎಲ್ಲರದ್ದೂ ಒಂದೇ ಮಾಲು, ನಮ್ಮಲ್ಲಿ ಒಬ್ಬೊಬ್ಬರದ್ದು ಒಂದೊಂದು ಡ್ರಾಯಿಂಗು, ಆ ಡ್ರಾಯಿಂಗ್ ಕೂಡ ಕಸ್ಟಮರ್‌ದು. ಸಂಘ ಇದೆ, ಕರೆಂಟ್ ರೇಟು, ರಸ್ತೆ, ಚರಂಡಿ ವಿಷಯಕ್ಕೆ ಒಟ್ಟಿಗೆ ಮಾತಾಡ್ತಾರೆ, ರೇಟ್ ವಿಷಯಕ್ಕೆ ಬಂದಾಗ ಪ್ರತಿಯೊಬ್ಬರೂ ಒಂಟಿ.

ಕಾನೂನು ಇದೆ, ಬಳಸೋರು ಯಾರು

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇಲ್ಲ ಅಂದ್ಕೋಬೇಡಿ, ಓದಿದ್ರೆ ಗಟ್ಟಿ ಕಾನೂನೇ. ಸಣ್ಣ ಉದ್ಯಮಗಳಿಗೆ ಅಂತಾನೇ ಮಾಡಿದ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಒಪ್ಪಂದ ಏನೇ ಇರಲಿ 45 ದಿನ ಮೀರೋಹಾಗಿಲ್ಲ, ಬರೆದ ಒಪ್ಪಂದ ಇಲ್ಲದಿದ್ರೆ 15 ದಿನ. ಮೀರಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರರಷ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೇಳೋಕೆ ರಾಜ್ಯದಲ್ಲಿ ಫೆಸಿಲಿಟೇಶನ್ ಕೌನ್ಸಿಲ್ ಇದೆ, 2017ರಲ್ಲಿ ಸಮಾಧಾನ್ ಪೋರ್ಟಲ್ ಬಂದಾಗಿಂದ ಮನೇಲೇ ಕೂತು ಆನ್‌ಲೈನಲ್ಲಿ ದೂರು ಹಾಕಬಹುದು. ತೀರ್ಪಿನ ಮೇಲೆ ಕೋರ್ಟಿಗೆ ಹೋಗ್ಬೇಕಂದ್ರೆ ಕೊಳ್ಳೋನು ಮೊದಲು 75% ದುಡ್ಡು ಡಿಪಾಸಿಟ್ ಇಡಬೇಕು.

ಇಷ್ಟೆಲ್ಲಾ ಇದ್ದೂ ಭಾವ ಒಂದು ದಿನಾನೂ ದೂರು ಹಾಕಿಲ್ಲ. ಹಾಕಲ್ಲ. ದೂರು ಹಾಕೋದು ಅವರ ಹೆಸರಲ್ಲಿ, ಅವರ ಉದ್ಯಮ್ ನಂಬರಲ್ಲಿ (ಸಣ್ಣ ಘಟಕ ಅಂತ ಸರ್ಕಾರದಲ್ಲಿ ಮಾಡಿಸೋ ರಿಜಿಸ್ಟ್ರೇಷನ್), ನೋಟಿಸ್ ಹೋಗೋದು 70% ಕೆಲಸ ಕೊಡೋನಿಗೆ. ಆ ತಿಂಗಳು ಬಾಕಿ ಬರಬಹುದು, ಮುಂದಿನ ತಿಂಗಳು ಶೆಡ್ಯೂಲ್‌ನಲ್ಲಿ ಸೊನ್ನೆ ಇರತ್ತೆ. ವೆಂಡರ್ ಕೋಡ್ ಬ್ಲಾಕ್ ಮಾಡೋಕೆ ಯಾವ ಕಾರಣಾನೂ ಬೇಡ, ಓಪನ್ ಪಿಓ ಅಲ್ವಾ. ನನ್ನ ಪರ್ಚೇಸ್ ದಿನಗಳಲ್ಲಿ ನಾನು ನೋಡಿದ ಹಾಗೆ ಇಂಥಾ ದೂರು ಹಾಕೋರು ಹೆಚ್ಚಾಗಿ ಆಗ್ಲೇ ಆ ಕಸ್ಟಮರ್‌ನ ಬಿಟ್ಟೋರು, ಇಲ್ಲಾ ಶಾಪ್ ಮುಚ್ಚೋಕೆ ಹೊರಟೋರು. ಬಲ ಇಲ್ಲದೋನ ಬಾಯಿಂದಾನೇ ದೂರು ಬರ್ಬೇಕು ಅಂತ ಕಾಯೋ ಕಾನೂನು ಅವನ ಹೆದರಿಕೇನ ಲೆಕ್ಕಕ್ಕೇ ತಗೊಂಡಿಲ್ಲ.

ಬ್ರಿಟನ್ನಿನಲ್ಲಿ ಇದನ್ನ ಯೋಚನೆ ಮಾಡಿದಾರೆ. ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಮೇಲೆ ಕಣ್ಣಿಡೋಕೆ 2013ರಲ್ಲಿ ಒಬ್ಬ ಅಧಿಕಾರಿ ಹುದ್ದೆ ಮಾಡಿದ್ರು, ಸಪ್ಲೈಯರ್ ಯಾರು ಅಂತ ಹೊರಗೆ ಬಿಡದೆ ಮಾಹಿತಿ ಕೊಡಬಹುದು, ತನಿಖೆ ಅಧಿಕಾರಿ ಹೆಸರಲ್ಲೇ ನಡೆಯತ್ತೆ. 2016ರ ಜನವರಿಯಲ್ಲಿ ಟೆಸ್ಕೋ ಸಪ್ಲೈಯರ್‌ಗಳಿಗೆ ದುಡ್ಡು ತಡ ಮಾಡಿ ನಿಯಮ ಮುರಿದಿದೆ ಅಂತ ಆ ಕಚೇರಿ ವರದಿ ಕೊಟ್ಟಿತು.

ನಮ್ಮಲ್ಲೂ 2023ರ ಬಜೆಟ್‌ನಲ್ಲಿ ಒಂದು ಕೆಲಸ ಮಾಡಿದ್ರು, ಅದು ನನಗೆ ಸರಿ ಅನ್ನಿಸಿದ್ದು ಇದೇ ಕಾರಣಕ್ಕೆ. ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿದ್ರು, 2023-24ರ ಲೆಕ್ಕದಿಂದಾನೇ ಜಾರಿ. ಮೈಕ್ರೋ, ಸ್ಮಾಲ್ ಘಟಕಗಳಿಗೆ ಗಡುವು ಮೀರಿ ಬಾಕಿ ಇಟ್ಕೊಂಡಿರೋ ದುಡ್ಡನ್ನ ಆ ವರ್ಷದ ಖರ್ಚು ಅಂತ ತೋರಿಸೋಹಾಗಿಲ್ಲ, ಯಾವ ವರ್ಷ ನಿಜವಾಗ್ಲೂ ಕೊಡ್ತೀರೋ ಆ ವರ್ಷಾನೇ. ಅಂದ್ರೆ ತಡ ಮಾಡಿದ್ರೆ ಟ್ಯಾಕ್ಸ್ ಜಾಸ್ತಿ ಬೀಳತ್ತೆ, ಹಿಡಿಯೋದು ಆಡಿಟರ್ರು, ವೆಂಡರ್ ಬಾಯಿ ಬಿಡೋದೇ ಬೇಡ. ಮೊದಲನೇ ವರ್ಷ ಮಾರ್ಚ್‌ನಲ್ಲಿ ಭಾವನಿಗೆ ಆ ಕಂಪನಿಯಿಂದಾನೇ ಫೋನ್ ಬಂತು, "ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ ಸರ್" ಅಂತ, ಸರ್ ಅಂತ ಆ ಕಡೆಯೋರು ಕರ್ದಿದ್ದು! ಮಾರ್ಚ್ 30ಕ್ಕೆ ಹಳೇ ಬಾಕಿ ಬಹುತೇಕ ಬಂತು. ಏಪ್ರಿಲ್‌ನಿಂದ ಮತ್ತೆ ಹಳೇ ಚಾಳಿ, ಯಾಕಂದ್ರೆ ಅದೇ ಹಣಕಾಸು ವರ್ಷದೊಳಗೆ ಕೊಟ್ರೆ ಖರ್ಚು ಸಿಗತ್ತೆ, ಹಾಗಾಗಿ ಒತ್ತಡ ಬರೋದು ವರ್ಷದ ಕೊನೇಲಿ ಮಾತ್ರ. ಇನ್ನು ಕೆಲವು ಕಡೆ ಈ ನಿಯಮದಿಂದ ತಪ್ಪಿಸ್ಕೊಳ್ಳೋಕೆ ರಿಜಿಸ್ಟ್ರೇಷನ್ ಇಲ್ಲದೋರಿಗೆ, ಮೀಡಿಯಂ ಘಟಕಗಳಿಗೆ ಆರ್ಡರ್ ತಿರುಗಿಸಿದ್ರು, ಯಾಕಂದ್ರೆ ಮೀಡಿಯಂಗೆ ಈ ರಕ್ಷಣೆ ಇಲ್ಲ. ಬಿಲ್ ಮಾರಿ ಬೇಗ ದುಡ್ಡು ತಗೊಳ್ಳೋ ಟ್ರೆಡ್ಸ್ ಅನ್ನೋ ವ್ಯವಸ್ಥೆನೂ ಇದೆ, 250 ಕೋಟಿ ಮೇಲೆ ವಹಿವಾಟು ಇರೋ ಕಂಪನಿಗಳು ಅದರಲ್ಲಿ ಸೇರಲೇಬೇಕು ಅಂತ ಮಾಡಿದಾರೆ, ಆದ್ರೆ ಸೇರೋದು ಬೇರೆ, ನಿಮ್ಮ ಬಿಲ್ಲನ್ನ ಅಲ್ಲಿ ಒಪ್ಪಿಕೊಳ್ಳೋದು ಬೇರೆ. ಒಪ್ಪದಿದ್ರೆ ಅದು ಮಾರಾಟ ಆಗಲ್ಲ.

ಈ ಒತ್ತಡ ಭಾವನ ಹತ್ರ ಬಂದು ನಿಲ್ಲಲ್ಲ ಅನ್ನೋದನ್ನೂ ಹೇಳದೆ ಇದ್ರೆ ಅನ್ಯಾಯ. ಅವರ ಪಾರ್ಟ್‌ಗೆ ಪ್ಲೇಟಿಂಗ್ (ಲೋಹದ ಲೇಪನ) ಮಾಡೋ ಇನ್ನೂ ಸಣ್ಣ ಶೆಡ್ಡಿದೆ, ಅಪ್ಪ ಮಗ ಮತ್ತೆ ಇಬ್ರು ಹುಡುಗ್ರು. ಮೇಲಿಂದ ದುಡ್ಡು ಬರದಿದ್ರೆ ಭಾವ ಅವರಿಗೆ ತಡ ಮಾಡ್ತಾರೆ. ಆ ಅಪ್ಪ ಬಂದು ಶಾಪ್ ಮುಂದೆ ಸ್ಕೂಟರ್ ನಿಲ್ಲಿಸಿ ಸುಮ್ನೆ ನಿಂತ್ಕೊಂಡಿರ್ತಾರೆ, ಕೇಳೋದೂ ಇಲ್ಲ. ನಮ್ಮ ದೊಡ್ಡ ಕಸ್ಟಮರ್ ಮೇಲೂ ಅವರ ಕಸ್ಟಮರ್‌ದು ಕಾಸ್ಟ್ ಡೌನ್ ಇರತ್ತೆ, ಕೆಳಕ್ಕೆ ಇಳಿದಷ್ಟೂ ತಡ್ಕೊಳ್ಳೋ ಶಕ್ತಿ ಕಮ್ಮಿ, ಕೊನೆಗೆ ಅದು ಯಾರದ್ದೋ ಓವರ್‌ಟೈಮ್ ದುಡ್ಡಲ್ಲಿ, ಯಾರದ್ದೋ ಕೈಗವಸು ತರದೆ ಬಿಟ್ಟಿದ್ರಲ್ಲಿ ಮುಗಿಯತ್ತೆ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಇದನ್ನ ಇಡೀ ಪ್ರಪಂಚ ನೋಡ್ತು: ಲಾಕ್‌ಡೌನ್ ಆಗಿ ವಿದೇಶಿ ಬಟ್ಟೆ ಬ್ರ್ಯಾಂಡ್‌ಗಳು ಹೊಲಿದು ಮುಗಿದಿದ್ದ ಆರ್ಡರ್‌ಗಳನ್ನೂ ಕ್ಯಾನ್ಸಲ್ ಮಾಡಿದ್ವು, ಬಾಂಗ್ಲಾದೇಶ ಒಂದರಲ್ಲೇ ರದ್ದಾಗಿದ್ದು, ತಡೆ ಹಿಡಿದಿದ್ದು 300 ಕೋಟಿ ಡಾಲರ್‌ಗೂ ಮೀರಿತ್ತು ಅಂತ ಅಲ್ಲಿನ ರಫ್ತುದಾರರ ಸಂಘ ಲೆಕ್ಕ ಕೊಟ್ಟಿತು. ಬಟ್ಟೆ ತಗೊಂಡು ಸಾಲ ಮಾಡಿ ಹೊಲಿಸಿದ್ದು ಫ್ಯಾಕ್ಟರಿ, ದುಡ್ಡು ಬರೋದು ಹಡಗು ಹತ್ತಿಸಿದ ಮೇಲೆ. ಕೆಲಸ ಹೋಗಿದ್ದು ಮೆಷಿನ್ ಮುಂದೆ ಕೂತಿದ್ದ ಹೆಣ್ಣುಮಕ್ಕಳದ್ದು.

ಭಾವ ಹೋದ ವರ್ಷದಿಂದ ಕೆಲವು ಬದಲಾವಣೆ ಮಾಡ್ತಿದಾರೆ. ಪಂಪ್ ಮಾಡೋ ಒಂದು ಕಂಪನಿ, ಪ್ಯಾಕಿಂಗ್ ಮೆಷಿನ್ ಮಾಡೋ ಒಬ್ಬರು, ಹೀಗೆ ಸಣ್ಣ ಕಸ್ಟಮರ್‌ಗಳನ್ನ ಹಿಡಿದಿದಾರೆ, ರೇಟು ಸ್ವಲ್ಪ ಕಮ್ಮಿನೇ, ಆದ್ರೆ ಹದಿನೈದು ದಿನಕ್ಕೆ ದುಡ್ಡು. ದೊಡ್ಡೋರ ಪಾಲು 70ರಿಂದ 55ಕ್ಕೆ ಬಂದಿದೆ. ಬಿಲ್ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕಿಸಿದಾರೆ. ಮಾಲು ಗೇಟ್ ಒಳಗೆ ಹೋದ ದಿನದ ಸೀಲು ಇರೋ ಡಿಸಿ ಫೋಟೋ ಆವತ್ತೇ ಮೇಲ್ ಮಾಡ್ತಾರೆ, ಜಿಆರ್‌ಎನ್ ಯಾವಾಗ ಹಾಕಿದ್ರೂ ನಮ್ಮ ಲೆಕ್ಕ ಆವತ್ತಿಂದ ಅಂತ. ಪ್ಲೇಟಿಂಗ್‌ನೋರಿಗೆ ತಿಂಗಳ 10ನೇ ತಾರೀಖು ಅಂತ ಒಂದು ದಿನ ಗೊತ್ತು ಮಾಡಿದಾರೆ, ಎರಡು ತಿಂಗಳು ತಪ್ಪಿದೆ, ಉಳಿದ ತಿಂಗಳು ಕೊಟ್ಟಿದಾರೆ.

ಮೊನ್ನೆ ದೊಡ್ಡ ಕಸ್ಟಮರ್‌ನಿಂದ ಹೊಸ ಡ್ರಾಯಿಂಗ್ ಬಂತು, ಒಳ್ಳೇ ವಾಲ್ಯೂಮು, ಇನ್ನೊಂದು ವಿಎಂಸಿ ಬೇಕು. ಭಾವ ರಾತ್ರಿ ನನ್ನನ್ನ ಕರ್ದು ಕೂರಿಸ್ಕೊಂಡು ಮೇಲ್ ಬರೆಸಿದ್ರು: ಫಿಕ್ಸ್ಚರ್ ಖರ್ಚು ನಿಮ್ಮದು, ಮೂರು ವರ್ಷಕ್ಕೆ ಕನಿಷ್ಠ ಇಷ್ಟು ಪೀಸ್ ಅಂತ ಪಿಓನಲ್ಲಿ ಬರಬೇಕು, ಪೇಮೆಂಟ್ 45 ದಿನ ಗೇಟ್ ಎಂಟ್ರಿಯಿಂದ. ಕಳಿಸೋ ಮುಂಚೆ ಎರಡು ಸಲ "ಜಾಸ್ತಿ ಆಯ್ತೇನೋ" ಅಂತ ಕೇಳಿದ್ರು. ಕಳಿಸಿ ಹನ್ನೊಂದು ದಿನ ಆಯ್ತು, ಇನ್ನೂ ಉತ್ತರ ಬಂದಿಲ್ಲ. ಡ್ರಾಯಿಂಗು ಭಾವನ ಟೇಬಲ್ ಮೇಲೆ ಅಳತೆ ಮಾಡೋ ವರ್ನಿಯರ್ ಕೆಳಗಡೆ ಹಾಗೇ ಇದೆ.